ಬೇಕಂತ ಮಾಡಿದ್ದಾ, ಗೊತ್ತಾಗದೆ ಮಾಡಿದ್ದಾ?

ಲೋ ಪರಮಶತ್ರು,

ಎಲ್ಲರ ಮುಂದೆ ಯಾಕೋ ಬರೀತೀಯ ಅಂತ ಬೈಬೇಡ. ನಿನಗೊಬ್ಬನಿಗೇ ಕಳಿಸಿದ್ರೆ ಹೆಬ್ಬೆಟ್ಟು ಒತ್ತಿ ಸುಮ್ಮನಾಗ್ತೀಯ. ಇಲ್ಲಿ ಸಾಕ್ಷಿಗಳಿದ್ದಾರೆ.

"ದಡ್ಡತನ ಅಂದ್ಕೊಂಡ್ರೆ ಸಾಕಾಗೋ ಕಡೆ ದುಷ್ಟತನ ಹುಡುಕಬೇಡ" ಅಂದೆಯಲ್ಲ. ನಾನೂ ಒಪ್ಪಿದ್ದೆ. ಆಮೇಲೆ ಕೈಗೆ ಸಿಕ್ಕಿದ್ದು 1944ರ ಒಂದು ಕೈಪಿಡಿ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಓಎಸ್‌ಎಸ್ ಮಾಡಿದ್ದು. ಶತ್ರುವಿನ ಹಿಡಿತದಲ್ಲಿರೋ ಸಾಮಾನ್ಯ ಜನ ಕೂತಲ್ಲೇ ಕೆಲಸ ಕೆಡಿಸೋದು ಹೇಗೆ ಅಂತ. ಎಲ್ಲಾನೂ ಸಮಿತಿಗೆ ಒಪ್ಪಿಸಿ, ಸಮಿತಿಲಿ ಐದಕ್ಕಿಂತ ಕಮ್ಮಿ ಜನ ಬೇಡ. ಹಿಂದಿನ ಮೀಟಿಂಗಲ್ಲಿ ತೀರ್ಮಾನ ಆದದ್ದನ್ನ ಮತ್ತೆ ಕೆದಕಿ. ಪದಪದಕ್ಕೂ ತಕರಾರು ತೆಗೀರಿ. ಸಿಕ್ಕಿಬಿದ್ರೆ ಏನೂ ತಿಳೀದವರ ಥರ ನಟಿಸಿ, ಧಾರಾಳವಾಗಿ ಕ್ಷಮೆ ಕೇಳಿ. ಇದನ್ನ ಯಾವ ಆಫೀಸಲ್ಲಾದ್ರೂ ಓದಿ ಹೇಳು, ಹೋದ ವಾರದ ಮೀಟಿಂಗ್ ಮಿನಿಟ್ಸ್ ಅಂದ್ಕೋತಾರೆ!

ಈಗ ನನ್ನ ಗೋಳು. ಆಫೀಸಿನ ಒಂದು ವರದಿಯಲ್ಲಿ ನನ್ನ ಹೆಸರು ಬಿಟ್ಟುಹೋಯ್ತು. ಕಾಪಿ ಮಾಡುವಾಗ ಒಂದು ಸಾಲು ತಪ್ಪಿತು ಅಂದ, ಅದನ್ನ ಸಿದ್ಧ ಮಾಡಿದ ಆಸಾಮಿ. ಕ್ಷಮೆನೂ ಕೇಳಿದ, ಧಾರಾಳವಾಗಿ. ನನಗೆ ಆ ಕೈಪಿಡಿ ನೆನಪಾಯ್ತು. ರಾತ್ರಿ ಕೂತು ಅವನ ಹಳೇ ಇಮೇಲ್‌ಗಳನ್ನೆಲ್ಲ ಕೆದಕಿದೆ. ನಿಜವಾದ ಎಡವಟ್ಟಾದ್ರೆ ಒಮ್ಮೊಮ್ಮೆ ಅವನ ಮೇಲೂ ಬೀಳಬೇಕು ತಾನೇ? ಎಲ್ಲಾ ತಪ್ಪೂ ಅವನಿಗೇ ಲಾಭ ಮಾಡಿದ್ರೆ ಸಿಕ್ಕಿಬಿದ್ದ ಅಂತ ಲೆಕ್ಕ. ನೋಡಿದ್ರೆ, ಒಂದು ಕಡೆ ಪುಣ್ಯಾತ್ಮ ತನ್ನ ಹೆಸರನ್ನೇ ತಪ್ಪಾಗಿ ಬರೆದಿದ್ದಾನೆ, ಹುದ್ದೆ ಬೇರೆ ಒಂದು ಮೆಟ್ಟಿಲು ಕೆಳಗೆ.

ನಿರಾಳ ಆಗಬೇಕಿತ್ತು. ಬೇಜಾರಾಯ್ತು ಕಣೋ. ಅವನು ಬೇಕಂತಲೇ ಮಾಡಿರಲಿ ಅಂತ ಒಳಗೊಳಗೇ ಆಸೆ ಇತ್ತು ನನಗೆ. ಹಗೆ ಸಾಧಿಸೋನಿಗೆ ನಾನು ನೆನಪಿರಲೇಬೇಕಲ್ಲ! ಇವನಿಗೆ ನೆನಪೇ ಇರಲಿಲ್ಲ. ವರದಿ ಓದಿದ ಉಳಿದವರಿಗೂ ಆ ಸಾಲು ಇಲ್ಲದ್ದು ಕಾಣಲಿಲ್ಲ. ನೀನು ವಾರಗಟ್ಟಲೆ ಉತ್ತರ ಕೊಡದಿದ್ದಾಗಲೂ ನಾನು ಹೀಗೇ ಲೆಕ್ಕ ಹಾಕ್ತಿರ್ತೀನಿ, ಸಿಟ್ಟಿರಬಹುದು ಅಂತ. ಸಿಟ್ಟಾದ್ರೆ ವಾಸಿ.

ಥೂ, ಇಷ್ಟು ಬರೆಯೋದಿರಲಿಲ್ಲ. ಸಾಕ್ಷಿಗಳೇ, ಮೇಲಿನ ಪ್ಯಾರಾ ಬಿಟ್ಟು ಓದಿ.

ಅಂದಹಾಗೆ ನಿನ್ನ ಚಾರ್ಜರ್ ಇನ್ನೂ ನನ್ನ ಹತ್ರಾನೇ ಇದೆ. ಬೇಕಂತ ಇಟ್ಕೊಂಡಿದೀಯಾ ಅಂತ ಕೇಳ್ತೀಯ, ಗೊತ್ತು. ವಿಷಯ ಸಮಿತಿ ಮುಂದಿದೆ. ಐದನೇ ಸದಸ್ಯ ಇನ್ನೂ ಸಿಕ್ಕಿಲ್ಲ.

ಇಂತಿ,
ಅರ್ಧ ಕ್ಯಾಪ್ಟನ್