ಚೇಳು ಕುಟುಕಿದಾಗ ಹುಣಸೆ ಬೀಜ ಹುಡುಕಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಲ್ಲಿ "ದೊಡ್ಡಮ್ಮ, ಬಚ್ಚಲಲ್ಲಿ ಚೇಳು ಸಿಕ್ತು" ಅಂತ ನಗುತ್ತಾ ಹೇಳಿದೆ. ನಾನೂ ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ. ಬಳ್ಳಾರಿ ಕಡೆ ಕಲ್ಲುಗೋಡೆಯ ಹಳೇ ಮನೆ, ಹಿತ್ತಲಲ್ಲಿ ಸೌದೆ ರಾಶಿ, ಮನೆಯಲ್ಲಿ ಮೂರು ವರ್ಷದ ಮಗು. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆದರೆ ಬೈಕೋಬೇಡ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಿಮ್ಮಮ್ಮನಿಗೂ ಇದನ್ನು ಪೂರ್ತಿ ಹೇಳಿಲ್ಲ. 1994ರ ಬೇಸಿಗೆ, ನಿಮ್ಮಣ್ಣನಿಗೆ ಆರು ವರ್ಷ. ಸಂಜೆ ಚಪ್ಪಲಿಗೆ ಕಾಲು ಹಾಕಿದವನು ಕಿಟಾರನೆ ಕಿರುಚಿದ. ಸಣ್ಣ ಚೇಳು, ಕೆಂಪಗಿತ್ತು. ನಮ್ಮ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳಲ್ಲ, ಅವಳಿಗೆ ಹರಕೆ ಹೊತ್ತೆ. ಹುಣಸೆ ಬೀಜವನ್ನು ಕಲ್ಲಿಗೆ ತೇಯ್ದು, ಬಿಸಿ ಇರುವಾಗಲೇ ಕುಟುಕಿದ ಜಾಗಕ್ಕೆ ಅಂಟಿಸಿದೆ. ವಿಷ ಹೀರಿಕೊಂಡ ಮೇಲೆ ಬೀಜ ತಾನಾಗೇ ಉದುರುತ್ತೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಉದುರಿತು ಕೂಡ. ಹುಡುಗ ಅಳು ನಿಲ್ಲಿಸಿದ. ಸದ್ಯ, ಇಳೀತು ಅಂದುಕೊಂಡು ಅನ್ನ ಕಲಸಿಕೊಂಡು ಬರಲು ಒಳಗೆ ಹೋದೆ. ಬಂದು ನೋಡಿದರೆ ಅಂಗಿ ಬೆವರಲ್ಲಿ ತೊಯ್ದಿದೆ, ಅಂಗೈ ಅಂಗಾಲು ಮಾತ್ರ ಮಂಜುಗಡ್ಡೆ. ಎರಡು ಸಲ ವಾಂತಿ ಮಾಡಿದ. ಆಸ್ಪತ್ರೆ ಸೇರುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಆ ಎರಡು ಗಂಟೆ ನನ್ನ ಲೆಕ್ಕದಲ್ಲೇ ಇದೆ, ಬೇರೆ ಯಾರ ಮೇಲೂ ಹಾಕಲ್ಲ.

ಅವತ್ತು ಅವನಿಗೆ ಕೊಟ್ಟದ್ದು ಪ್ರಜೋಸಿನ್ ಅನ್ನೋ ಮಾತ್ರೆ. ಬಿ.ಪಿ. ಮಾತ್ರೆ ಕಣೆ ಅದು! ಚೇಳಿಗೂ ಬಿ.ಪಿ.ಗೂ ಏನು ಸಂಬಂಧ ಅಂತ ನನಗೂ ಅನ್ನಿಸಿತ್ತು. ಕೆಂಪು ಚೇಳಿನ ವಿಷ ಮೈಯಲ್ಲಿ ಅಡ್ರಿನಲಿನ್, ಅಂದರೆ ಗಾಬರಿಯಾದಾಗ ಎದೆ ಡವಡವ ಅನ್ನಿಸೋ ರಸ, ಅಂಥದ್ದನ್ನು ಒಂದೇ ಸಲ ಸುರಿಸಿಬಿಡುತ್ತೆ, ರಕ್ತನಾಳ ಬಿಗಿಯಾಗುತ್ತೆ, ಹೃದಯ ಸುಸ್ತಾಗುತ್ತೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತೆ. ಆ ಬಿಗಿ ಸಡಿಲ ಮಾಡೋದೇ ಈ ಮಾತ್ರೆ. ಮಹಾರಾಷ್ಟ್ರದ ಮಹಾಡ್ ಅನ್ನೋ ಸಣ್ಣ ಊರಲ್ಲಿ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ ಇದನ್ನು ಬಳಸಿ, 1986ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈಗ ಚೇಳಿನ ವಿಷಕ್ಕೇ ಅಂತ ಬೇರೆ ಇಂಜೆಕ್ಷನ್ ಕೂಡ ಇದೆ. ಆದರೆ ಮಾತ್ರೆ ತಂದು ಮನೆಯಲ್ಲಿ ಇಟ್ಟುಕೊಳ್ಳೋ ಯೋಚನೆ ಬೇಡ, ಬಿ.ಪಿ. ನೋಡುತ್ತಾ ಡಾಕ್ಟರೇ ಕೊಡಬೇಕಾದ್ದು.

ಅಲ್ಲಿಂದ ನಾನು ಕಲಿತದ್ದು ಒಂದೇ, ನೋವು ನೋಡಿ ಅಪಾಯ ಅಳೆಯಬೇಡ. ಕರಿ ಚೇಳು ನೋಡೋಕೆ ರಾಕ್ಷಸ, ಇಕ್ಕಳ ದಪ್ಪ, ಕುಟುಕಿದರೆ ಉರಿ ನೆತ್ತಿಗೇರುತ್ತೆ, ಆದರೆ ಜೀವಕ್ಕೆ ಕುತ್ತು ತರೋದು ಅಪರೂಪ. ಇಕ್ಕಳ ಸಣಕಲಾಗಿ ಬಾಲ ದಪ್ಪ ಇರುವ ಆ ಸಣ್ಣ ಕೆಂಪನೆಯದೇ ಕೆಟ್ಟದ್ದು. ಕುಟುಕಿದ ಜಾಗ ಆಮೇಲೆ ನೋಡು, ಮೊದಲು ಆಳನ್ನು ನೋಡು. ಬೆವರು, ವಾಂತಿ, ಜೊಲ್ಲು, ತಣ್ಣಗಿನ ಕೈಕಾಲು, ಏದುಸಿರು. ಮಗುವಾದರೆ ಇದಕ್ಕೂ ಕಾಯಬೇಡ, ಕೆಂಪೋ ಕಪ್ಪೋ ಅಂತಲೂ ನೋಡಬೇಡ, ಸೀದಾ ಆಸ್ಪತ್ರೆ. 108ಕ್ಕೆ ಫೋನ್ ಮಾಡು, ಆಟೋ ಮೊದಲು ಸಿಕ್ಕಿದರೆ ಆಟೋ ಹತ್ತು. ಹೊರಡೋ ಮೊದಲು ಸೋಪು ನೀರಲ್ಲಿ ತೊಳಿ, ಕೈಗೆ ಕುಟುಕಿದ್ದರೆ ಬಳೆ ಉಂಗುರ ತೆಗಿ, ಊದಿದ ಮೇಲೆ ಬರಲ್ಲ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡು. ಬ್ಲೇಡು, ಬಿಗಿ ಕಟ್ಟು, ಸೀಮೆಎಣ್ಣೆ ಯಾವುದೂ ಬೇಡ. ನಿಮ್ಮತ್ತೆ ಹುಣಸೆ ಬೀಜ ಅಂಟಿಸಲೇಬೇಕು ಅಂದರೆ ಅಂಟಿಸಲಿ ಬಿಡು, ಆಟೋದಲ್ಲಿ ಕೂತುಕೊಂಡು ಅಂಟಿಸಲಿ.

ಇನ್ನೊಂದು. ರಾತ್ರಿ ನೆಲದ ಮೇಲೆ ಮಲಗಿದ್ದಾಗ ಏನೋ ಚುಚ್ಚಿತು, ಏನೂ ಕಾಣಲಿಲ್ಲ, ನೋವೂ ಇಲ್ಲ, ಇರುವೆ ಇರಬೇಕು ಅಂತ ಮತ್ತೆ ಮಲಗಿಬಿಡಬೇಡಿ. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ಗುರುತೇ ಕಾಣಲ್ಲ, ಬೆಳಗಿನ ಜಾವ ಹೊಟ್ಟೆನೋವು ಬರುತ್ತೆ, ರೆಪ್ಪೆ ಎತ್ತೋಕೆ ಆಗಲ್ಲ. ಮಂಚ ಕೊಂಡುಕೋ ಅಂತ ಎಷ್ಟು ಸಲ ಹೇಳಲಿ? ಸೊಳ್ಳೆ ಪರದೆ ಕಟ್ಟಿ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸು.

ಮಿಕ್ಕಿದ್ದಕ್ಕೆ ಇಷ್ಟು ಗಾಬರಿ ಬೇಡ. ಜೇನು ಕುಟುಕಿದರೆ ಮುಳ್ಳು ಚರ್ಮದಲ್ಲೇ ಇರುತ್ತೆ, ಇನ್ನೂ ವಿಷ ಒತ್ತುತ್ತಾ ಇರುತ್ತೆ, ಉಗುರಲ್ಲೋ ಎ.ಟಿ.ಎಂ. ಕಾರ್ಡಲ್ಲೋ ಕೆರೆದು ತಕ್ಷಣ ತೆಗಿ. ಕಡಜ ಮುಳ್ಳು ಬಿಡಲ್ಲ, ಹುಡುಕಿ ಗಾಯ ಮಾಡಿಕೋಬೇಡ. ಸುಣ್ಣ ಹಚ್ಚೋದೂ ಸುಮ್ನೆ, ವಿಷ ಚರ್ಮದ ಒಳಗಿರುತ್ತೆ, ಸುಣ್ಣ ಮೇಲಿರುತ್ತೆ. ಆದರೆ ಜೇನಾಗಲಿ ಇರುವೆಯಾಗಲಿ, ತುಟಿ ನಾಲಿಗೆ ಊದಿ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೆ ಅದು ಅಲರ್ಜಿ, ಅಲ್ಲಿ ನಿಮಿಷದ ಲೆಕ್ಕ. ಅಡ್ರಿನಲಿನ್ ಇಂಜೆಕ್ಷನ್ ಬೇಕು, ಓಡಬೇಕು.

ಜರಿ ಕಚ್ಚಿದರೆ ಪ್ರಾಣ ಹೋದಷ್ಟು ಉರಿ. ತಡೆಯುವಷ್ಟು ಬಿಸಿ ನೀರಲ್ಲಿ, ಮೊಣಕೈ ಅದ್ದಿ ನೋಡಿದ ಮೇಲೆ, ಕೈ ಮುಳುಗಿಸಿಡು, ಉರಿ ಇಳಿಯುತ್ತೆ. ಕಿವಿಗೆ ಏನಾದರೂ ಹೊಕ್ಕರೆ ಹೇರ್‌ಪಿನ್ ಹಾಕಬೇಡ. ಕಿವಿ ಸೋರುವ ತೊಂದರೆ ಇಲ್ಲದಿದ್ದರೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡು, ಹುಳ ಸುಮ್ಮನಾಗುತ್ತೆ, ತೆಗೆಯೋದು ಡಾಕ್ಟರ ಕೆಲಸ. ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುವ ಕಪ್ಪು ಕಿತ್ತಳೆ ಪಟ್ಟೆಯ ಸಣ್ಣ ಹುಳ ಇದೆಯಲ್ಲ, ಆಸಿಡ್ ಹುಳ ಅಂತೀವಲ್ಲ, ಅದು ಕಚ್ಚೋದೇ ಇಲ್ಲ. ಕತ್ತಿನ ಮೇಲೆ ಕೂತಾಗ ಪಟ್ ಅಂತ ಹೊಡೆದು ಉಜ್ಜುತ್ತೀವಿ, ಅದರ ರಸ ತಾಗಿ ಮಾರನೇ ದಿನ ಬೊಬ್ಬೆ. ಊದಿ ಹಾರಿಸು, ಸೋಪು ಹಾಕಿ ತೊಳಿ.

ಕೊರಿಯರಲ್ಲಿ ಒಂದು ಟಾರ್ಚು ಕಳಿಸುತ್ತಿದ್ದೇನೆ, ನೋಟು ಪರೀಕ್ಷೆ ಮಾಡೋ ನೇರಳೆ ಬೆಳಕಿನದ್ದು. ದೀಪ ಆರಿಸಿ ಬಚ್ಚಲು, ಸೌದೆ ಮೂಲೆ, ಬಾಗಿಲ ಸಂದಿಗೆ ಬಿಡು. ಚೇಳು ಇದ್ದರೆ ಹಸಿರಾಗಿ ಹೊಳೆಯುತ್ತೆ, ರೇಡಿಯಂ ಮುಳ್ಳಿನ ಹಳೇ ಗಡಿಯಾರದ ಥರ. ಮೊದಲ ಸಲ ನೋಡಿದಾಗ ನನಗೆ ಭಯಕ್ಕಿಂತ ಆಸೆಯೇ ಜಾಸ್ತಿ ಆಗಿತ್ತು, ಅಷ್ಟು ಚೆಂದ. ಸೌದೆಯನ್ನು ಗೋಡೆಯಿಂದ ದೂರ ಇಡಿಸು, ಶೂ ಕೊಡವಿ ಹಾಕಿಕೊಳ್ಳಿ. ಭಾನುವಾರ ಫೋನ್ ಮಾಡುತ್ತೇನೆ, ಬಚ್ಚಲ ಬಿರುಕಿಗೆ ಸಿಮೆಂಟ್ ಹಾಕಿಸಿದೆಯಾ ಅಂತ ಕೇಳುತ್ತೇನೆ.

ನಿನ್ನ ದೊಡ್ಡಮ್ಮ