ಗೆಳೆಯನಿಗೊಂದು ಪತ್ರ: ತಿಳಿಯನ್ನು ಕಲಕುವುದು ಅಂದರೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. "ಒಳಗಿನ ತಿಳಿಯನು ಕಲಕದೆ ಇದ್ದರೆ" ಅನ್ನುವ ಸಾಲು ಹಿಡಿದುಕೊಂಡು, ಕವಿಯೇ ಹೇಳಿದ್ದಾರಲ್ಲ, ಅಣ್ಣನ ಜೊತೆ ಮಾತಿಗೆ ಹೋಗದೆ ಸುಮ್ನೆ ಇರುವುದೇ ವಾಸಿ ಎಂದು ಬರೆದಿದ್ದೀಯ. ನನಗೆ ಒಪ್ಪಿಗೆಯಾಗಲಿಲ್ಲ. ಜಿ.ಎಸ್. ಶಿವರುದ್ರಪ್ಪನವರ 'ಎಲ್ಲೋ ಹುಡುಕಿದೆ ಇಲ್ಲದ ದೇವರ' ನನಗೂ ಅಷ್ಟೇ ಹತ್ತಿರದ ಹಾಡು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ದೇವರಿದ್ದಾನಾ ಇಲ್ಲವಾ ಎನ್ನುವ ಚರ್ಚೆಗೆ ಈ ಹಾಡನ್ನು ಎಳೆಯುವವರೇ ಜಾಸ್ತಿ. ನನಗೇನೋ ಇದು ಒಟ್ಟಿಗೆ ಬಾಳುವವರ ಹಾಡು ಅನ್ನಿಸುತ್ತದೆ. ಗುಡಿಯ ಮಾತು ಮುಗಿಯುತ್ತಿದ್ದಂತೆ ಕವಿ ಮನೆಯೊಳಗೆ ಬಂದುಬಿಡುತ್ತಾರೆ: "ಇಲ್ಲೇ ಇರುವ ಪ್ರೀತಿ ಸ್ನೇಹಗಳ". ಪ್ರೀತಿ ಇಲ್ಲ ಎಂದು ಅವರು ಕೊರಗುತ್ತಿಲ್ಲ. ಇದ್ದದ್ದು ಗುರುತು ಸಿಗಲಿಲ್ಲವಲ್ಲ ಎಂಬ ಸಂಕಟ ಅದು.

ಈಗ ನಿನ್ನ ಸಾಲಿಗೆ ಬರುತ್ತೇನೆ. ನೀರು ತಿಳಿಯಾಗಿದೆ ಅಂದರೆ ಕೆಸರೇ ಇಲ್ಲ ಅಂತಲ್ಲ, ಅಲ್ವಾ? ತಳದಲ್ಲಿ ಕೂತಿದೆ, ಅಷ್ಟೇ. ಕೆಸರಿಲ್ಲದ ಮನಸ್ಸು ತಾ ಎಂದು ಕವಿ ಕೇಳುತ್ತಿಲ್ಲ. ರಾತ್ರಿ ಮಲಗಿಕೊಂಡು, ಅಣ್ಣ ಅವತ್ತು ಅಂದ ಮಾತನ್ನೇ ಮತ್ತೆ ಮತ್ತೆ ನೆನೆದು, ಕೊಡದೆ ಉಳಿದ ಉತ್ತರವನ್ನು ಒಳಗೊಳಗೇ ಹೊಸೆಯುತ್ತಾ ಇರುತ್ತೀಯಲ್ಲ, ಕಲಕುವುದು ಅಂದರೆ ಅದು. ಅದಕ್ಕೆ ಬಾಯಿ ತೆರೆಯಲೇಬೇಕು ಅಂತೇನಿಲ್ಲ. ಮನಸ್ಸು ಬಿಚ್ಚಿ ಮಾತಾಡಿದ ಮೇಲೆ ಎಷ್ಟೋ ಸಲ ತಾನಾಗಿ ತಿಳಿಯಾಗುತ್ತದೆ.

ಅದರ ಮುಂದೆ ಏನಿದೆ ನೋಡು: "ಹತ್ತಿರವಿದ್ದೂ ದೂರ ನಿಲ್ಲುವೆವು ನಮ್ಮ ಅಹಮ್ಮಿನ ಕೋಟೆಯಲಿ". ಅಣ್ಣ ಮಹಡಿ ಮೇಲೆ, ನೀನು ಕೆಳಗೆ. "ಕರೆಂಟ್ ಬಿಲ್ ಕಟ್ಟಿದ್ದಾನಾ ಕೇಳಮ್ಮ" ಎಂದು ಅಮ್ಮನ ಕೈಲಿ ಕೇಳಿಸುತ್ತೀಯ, ಅವನು ಅಲ್ಲೇ ಬಾಗಿಲಲ್ಲಿ ನಿಂತಿರುತ್ತಾನೆ. ಓದುವಾಗ ನನಗೆ ಅಮ್ಮನ ಮುಖವೇ ಕಣ್ಣಿಗೆ ಬಂತು. ಶತ್ರು ಒಳಗೆ ಬಾರದಿರಲಿ ಎಂದು ಕೋಟೆ ಕಟ್ಟುತ್ತಾರೆ. ಇಲ್ಲಿ ಹೊರಗೆ ಉಳಿದವನು ನಿನ್ನ ಒಡಹುಟ್ಟಿದವನು. ನೀನು ನೆಮ್ಮದಿ ಎಂದುಕೊಂಡಿರುವ ಮೌನ ಆ ಕೋಟೆಯ ಒಳಗಿನದು ಕಣೋ.

ಆದರೂ ಈ ಹಾಡು ಯಾರನ್ನೂ ಬೈಯುವುದಿಲ್ಲ. "ನಿಲ್ಲುವೆವು" ಅನ್ನುವಾಗ ಕವಿ ತಾವೂ ನಮ್ಮ ಜೊತೆ ನಿಂತಿದ್ದಾರೆ. "ಎಷ್ಟು ಕಷ್ಟವೋ ಹೊಂದಿಕೆಯೆಂಬುದು" ಎಂದು ನಿಟ್ಟುಸಿರಿಡುತ್ತಾರೆಯೇ ಹೊರತು ಉಪಾಯ ಹೇಳಲು ಹೋಗುವುದಿಲ್ಲ. 2006ರಲ್ಲಿ ನಾಡು ರಾಷ್ಟ್ರಕವಿ ಎಂದು ಗೌರವಿಸಿದ ಹಿರಿಯರೇ ಕಷ್ಟ ಅಂದಿರುವಾಗ, ನಿನಗೂ ಅಣ್ಣನಿಗೂ ಕಷ್ಟವಾದದ್ದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಈ ಹಾಡನ್ನು ಅಣ್ಣನಿಗೆ ಕಳಿಸಲಾ ಎಂದು ಕೇಳಿದ್ದೀಯ. ಬೇಡ. ಬುದ್ಧಿ ಹೇಳಿಸಿಕೊಂಡ ಹಾಗಾಗುತ್ತದೆ ಅವನಿಗೆ. ಮೆಟ್ಟಿಲು ಹತ್ತಿ ಹೋಗಿ, ಮಗಳ ಪರೀಕ್ಷೆ ಹೇಗಾಯಿತು ಎಂದು ಕೇಳು. ಅಲ್ಲಿಂದ ಮಾತು ಎಲ್ಲಿಗೆ ಹೋಗುತ್ತೋ ಹೋಗಲಿ. ಏನಾಯಿತೆಂದು ನನಗೆ ಬರಿ, ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ