ತಾರೀಖು ಒಂದು ದಿನ ಹಿಂದೆ ಬೀಳುವುದೇಕೆ?

ಮಾನ್ಯ ಸಂಪಾದಕರೇ,

ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ ಜಿಲ್ಲೆಯ ಟ್ರ್ಯಾಕ್ಟರ್‌ಗಳು ಕಾರ್ಖಾನೆ ಮುಂದೆ ರಾತ್ರಿಯೆಲ್ಲ ಸಾಲು ನಿಲ್ಲುತ್ತವೆ. ಬೆಳಗಿನ ಜಾವ ತೂಕವಾದ ಕಬ್ಬಿಗೆ ಹಿಂದಿನ ದಿನದ ತಾರೀಖು ಬಿದ್ದರೆ ಜಗಳ ಖಂಡಿತ. ಅದು ಯಾರದೋ ಕೈಚಳಕವೇ ಆಗಿರಬೇಕೆಂದಿಲ್ಲ. ಕಂಪ್ಯೂಟರಿನ ಅಂಕಿಯನ್ನು ತಾರೀಖಿಗೆ ತಿರುಗಿಸುವಾಗ ಐದೂವರೆ ಗಂಟೆ ಬಿಟ್ಟುಹೋದರೂ ಹೀಗೇ ಆಗುತ್ತದೆ. ನಮ್ಮ ಜಿಲ್ಲೆಯ ಕಚೇರಿಗಳಲ್ಲಿ ಡೇಟಾ ಎಂಟ್ರಿ ಮಾಡುವವರಿಗೂ ಡಿಪ್ಲೊಮಾ ವಿದ್ಯಾರ್ಥಿಗಳಿಗೂ ಇದು ತಿಳಿದಿರಲೇಬೇಕು.

ಅನೇಕ ಯಂತ್ರಗಳು ವೇಳೆಯನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕದಲ್ಲಿ ಬರೆದಿಡುತ್ತವೆ. ಆ ಎಣಿಕೆ ಶುರುವಾಗುವುದು ಯುಟಿಸಿಯ (ಜಗತ್ತಿಗೆಲ್ಲ ಆಧಾರವಾದ ಪ್ರಮಾಣ ವೇಳೆ) ನಡುರಾತ್ರಿಯಿಂದ. ನಮ್ಮ ಗಡಿಯಾರ ಅದಕ್ಕಿಂತ 19800 ಸೆಕೆಂಡು ಮುಂದಿದೆ. ಕಬ್ಬಿನ ಗಾಡಿ ತೂಗುವ ವೇ ಬ್ರಿಡ್ಜ್‌ನ ದಾಖಲೆಯಲ್ಲಿ 1700000000 ಎಂದಿದೆ ಅಂದುಕೊಳ್ಳಿ. ಯುಟಿಸಿಯಲ್ಲಿ ಅದು 2023ರ ನವೆಂಬರ್ 14ರ ರಾತ್ರಿ 10 ಗಂಟೆ 13 ನಿಮಿಷ 20 ಸೆಕೆಂಡು. ನಮ್ಮಲ್ಲಿ ಆಗ ನವೆಂಬರ್ 15ರ ಬೆಳಗಿನ ಜಾವ 3 ಗಂಟೆ 43 ನಿಮಿಷ 20 ಸೆಕೆಂಡು. ನಡುರಾತ್ರಿಯಿಂದ ಬೆಳಿಗ್ಗೆ ಐದೂವರೆವರೆಗಿನ ದಾಖಲೆಗಳಿಗೆ ಮಾತ್ರ ದಿನ ತಪ್ಪುತ್ತದೆ, ಉಳಿದವಕ್ಕೆ ಗಂಟೆಯಷ್ಟೇ ತಪ್ಪುತ್ತದೆ. ಹಗಲಿನ ಚೀಟಿ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುವುದು ಇದರಿಂದಲೇ.

ಈ ಅಂಕಿಯನ್ನು ತಾರೀಖಿಗೆ ತಿರುಗಿಸಲು ಯಾವ ವೆಬ್‌ಸೈಟೂ ಬೇಡ. ಲಿನಕ್ಸ್ ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ಈ ಒಂದು ಸಾಲು ಸಾಕು (ಇಲ್ಲಿ ಉಚ್ಚಾರ ಕೊಟ್ಟಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷಿನಲ್ಲಿ):

ಟಿಜೆಡ್=ಏಷ್ಯಾ/ಕೋಲ್ಕತಾ ಡೇಟ್ -ಡಿ @1700000000

ಟಿ, ಜೆಡ್ ಎರಡೂ ದೊಡ್ಡಕ್ಷರ. ಊರಿನ ಹೆಸರಿನ ಬದಲು ಬರೀ ಐಎಸ್‌ಟಿ (ಭಾರತೀಯ ಪ್ರಮಾಣ ವೇಳೆ) ಎಂದು ಹಾಕಬೇಡಿ. ಲಿನಕ್ಸ್ ಆಗ ಯುಟಿಸಿ ವೇಳೆಯನ್ನೇ ತೋರಿಸಿ ಪಕ್ಕದಲ್ಲಿ ಐಎಸ್‌ಟಿ ಎಂದು ಬರೆಯುತ್ತದೆ. ಇಷ್ಟು ಅಪಾಯದ ತಪ್ಪು ಬೇರೊಂದಿಲ್ಲ, ಏಕೆಂದರೆ ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಅಂಕಿಗೆ ಮೊದಲು ಬರುವ @ ಚಿಹ್ನೆ ಬಿಟ್ಟರೆ ಮಾತ್ರ ಹೆಚ್ಚಾಗಿ ಯಂತ್ರವೇ ‘ಇನ್‌ವ್ಯಾಲಿಡ್ ಡೇಟ್’ ಎಂದು ತಡೆಯುತ್ತದೆ. ಮ್ಯಾಕ್‌ನಲ್ಲಿ -ಡಿ @ ಬದಲು -ಆರ್ ಹಾಕಿ ಅಂಕಿ ಕೊಡಬೇಕು.

ತಾರೀಖಿನಿಂದ ಅಂಕಿಗೆ ಹೋಗಲು:

ಡೇಟ್ -ಡಿ '2023-11-15 03:43:20 +0530' +%ಎಸ್

ಕೊನೆಯ ಎಸ್ ಸಣ್ಣಕ್ಷರ. +0530 ಎಂದರೆ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ವರ್ಷ, ತಿಂಗಳು, ದಿನ ಇದೇ ಕ್ರಮದಲ್ಲಿರಲಿ. ನಮ್ಮ ರೂಢಿಯಂತೆ 03/04/2024 ಎಂದು ಕೊಟ್ಟರೆ ಏಪ್ರಿಲ್ 3ರ ಬದಲು ಮಾರ್ಚ್ 4 ಬರುತ್ತದೆ. 13/04/2024 ಕೊಟ್ಟರೆ ಹದಿಮೂರನೇ ತಿಂಗಳಿಲ್ಲವೆಂದು ತಿರಸ್ಕರಿಸುತ್ತದೆ. ಹಾಗಾಗಿ ಪ್ರತಿ ತಿಂಗಳ ಮೊದಲ ಹನ್ನೆರಡು ದಿನದ ತಪ್ಪುಗಳು ಸದ್ದಿಲ್ಲದೆ ಒಳಗೆ ಸೇರಿಬಿಡುತ್ತವೆ. ಔಟ್‌ಪುಟ್‌ಗೆ ನಮೂನೆ ಕೊಡುವಾಗ %ಎಂ ಸಣ್ಣಕ್ಷರವಾದರೆ ತಿಂಗಳು, ದೊಡ್ಡಕ್ಷರವಾದರೆ ನಿಮಿಷ.

ಅಂಕಿ ಎಷ್ಟು ಉದ್ದ ಇದೆ ಎಂದು ಮೊದಲೇ ಎಣಿಸಿ. ಈಗಿನ ಕಾಲದ ಸೆಕೆಂಡಿನ ಲೆಕ್ಕಕ್ಕೆ ಹತ್ತು ಅಂಕಿ. ಹದಿಮೂರು ಇದ್ದರೆ ಮಿಲಿಸೆಕೆಂಡು, ಕೊನೆಯ ಮೂರನ್ನು ತೆಗೆದು ಕೊಡಬೇಕು, ಇಲ್ಲವಾದರೆ ಐವತ್ತೈದು ಸಾವಿರದ ಆಚೆಯ ಯಾವುದೋ ಇಸವಿ ಬರುತ್ತದೆ. ಇಂಥ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದರೆ ಹದಿಮೂರು ಅಂಕಿ 1.7ಇ+12 ಎಂದು ಕುಗ್ಗುತ್ತದೆ. ಹಾಗೇ ಸಿಎಸ್‌ವಿಯಾಗಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಅಕ್ಷರದ ಕಡತ) ಸೇವ್ ಮಾಡಿದರೆ ಮೂಲ ಅಂಕಿ ಹೋದಂತೆಯೇ. ಮೊದಲು ಆ ಕಾಲಮನ್ನು ‘ನಂಬರ್’ಗೆ ಬದಲಿಸಿಕೊಳ್ಳಿ. ಸೆಕೆಂಡನ್ನು ಎಕ್ಸೆಲ್‌ನಲ್ಲೇ ತಿರುಗಿಸುವುದಾದರೆ 86400ರಿಂದ ಭಾಗಿಸಿ, 25569 ಕೂಡಿಸಿ, ನಮ್ಮ ವೇಳೆಗಾಗಿ 5.5/24 ಸೇರಿಸಿ, ಸೆಲ್‌ಗೆ ತಾರೀಖಿನ ಫಾರ್ಮ್ಯಾಟ್ ಕೊಡಿ.

ಸಾವಿರಾರು ಸಾಲಿದ್ದರೆ ಲಿನಕ್ಸ್‌ನಲ್ಲಿ -ಡಿ ಜಾಗಕ್ಕೆ -ಎಫ್ ಹಾಕಿ ಕಡತದ ಹೆಸರು ಕೊಟ್ಟರಾಯಿತು, ಪ್ರತಿ ಸಾಲಿನ ಮೊದಲಿಗೆ @ ಇರಬೇಕು ಅಷ್ಟೆ. ಖಾಲಿ ಸಾಲು ಉಳಿದಿದ್ದರೆ ಅದು ತಪ್ಪು ಎನ್ನದೆ ಇವತ್ತಿನ ನಡುರಾತ್ರಿಯ ವೇಳೆ ಕೊಟ್ಟುಬಿಡುತ್ತದೆ. ಅಂಥ ಸಾಲುಗಳನ್ನು ಮೊದಲೇ ಅಳಿಸಿ.

ಚೀಟಿ, ಹಾಜರಿ, ಮೀಟರ್ ಲೆಕ್ಕ ಮುದ್ರಿಸುವ ಪ್ರತಿ ಕಚೇರಿಯೂ ವೇಳೆಯ ಪಕ್ಕದಲ್ಲಿ +0530 ಎಂದು ಮುದ್ರಿಸಲಿ ಎಂದು ಕೋರುತ್ತೇನೆ. ಯಂತ್ರ ಸರಿಯಿದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು: ಡೇಟ್ -ಡಿ @0 ಎಂದು ಕೊಡಿ. 1970ರ ಜನವರಿ 1, ಬೆಳಿಗ್ಗೆ 5:30 ಬರಬೇಕು. 00:00 ಬಂದರೆ ಆ ಯಂತ್ರ ಯುಟಿಸಿಯಲ್ಲಿದೆ. ಅದನ್ನು ಸರಿಪಡಿಸುವವರೆಗೆ ಅದರಿಂದ ರೈತರಿಗೆ ಚೀಟಿ ಕೊಡಬೇಡಿ.

– ಕಂಪ್ಯೂಟರ್ ಬೋಧಕ, ಮಂಡ್ಯ